ಮಾಳಿಗೆ ಯಾರದು? — ಮನೆಬೆಳಕಿನ ಚರಿತ್ರೆಯ ಒಂದು ಅಧ್ಯಾಯ

1

ಬಯಲುಸೀಮೆಯ ನಮ್ಮ ಹಳ್ಳಿಗಳಲ್ಲಿ ಮಾಳಿಗೆಯೆಂಬುದು ಮನೆಯ ಮುಚ್ಚಿಗೆ ಮಾತ್ರವಾಗಿರಲಿಲ್ಲ. ಅದೂ ಒಂದು ಅಂಗಳವೇ ಆಗಿತ್ತು. ಬೇಸಗೆಯ ಇರುಳು ಮನೆಮಂದಿ ಅಲ್ಲಿ ಮಲಗುತ್ತಿದ್ದರು. ಹಗಲು ಅಲ್ಲಿ ಹಪ್ಪಳ ಸಂಡಿಗೆಗಳು ಒಣಗುತ್ತಿದ್ದುವು, ಮೆಣಸಿನಕಾಯಿ ಹರಡಿರುತ್ತಿತ್ತು, ತೊಳೆದ ಗೋದಿ ಆರುತ್ತಿತ್ತು. ಬಿಸಿಲನ್ನು ಮನೆಯ ಮೇಲೆಯೇ ಹಿಡಿದು ಸಂಸಾರದ ಕೆಲಸಕ್ಕೆ ಹಚ್ಚುವ ವಿದ್ಯೆ ನಮ್ಮ ಹೆಣ್ಣುಮಕ್ಕಳಿಗೆ ಹೊಸದಲ್ಲ. ಮರಾಠವಾಡೆಯಲ್ಲಿ ಇದೇ ಬಗೆಯ ಮಣ್ಣಿನ ಮಟ್ಟಸವಾದ ಮುಚ್ಚಿಗೆಗೆ ‘ಮಾಳವದ’ ಎನ್ನುತ್ತಾರೆ. ಮಾಳಿಗೆ, ಮಾಳವದ ಎಂಬ ಎರಡು ಮಾತುಗಳೂ ಕಿವಿಗೆ ಒಂದೇ ಕುಲದವುಗಳಂತೆ ಕೇಳಿಸುತ್ತವೆ. ಅವುಗಳ ವ್ಯುತ್ಪತ್ತಿಯ ನಿರ್ಣಯವನ್ನು ಭಾಷಾಶಾಸ್ತ್ರಜ್ಞರಿಗೆ ಬಿಟ್ಟು, ಎರಡು ನಾಡುಗಳಲ್ಲಿಯೂ ಮನೆ ಕಟ್ಟುವ ರೀತಿ ಒಂದೇ ಆಗಿತ್ತೆಂಬುದನ್ನಷ್ಟೇ ಇಲ್ಲಿ ಗಮನಿಸಿದರೆ ಸಾಕು.

ಈಚೆಗೆ ಛತ್ರಪತಿ ಸಂಭಾಜಿನಗರದಿಂದ ಪುಣೆಗೆ ಹೋಗುವ ಹೆದ್ದಾರಿಯ ಮೇಲಿರುವ ವಾಳೂಜಿಗೆ ಹೋಗಿದ್ದಾಗ ಈ ಮಾಳಿಗೆಯ ನೆನಪು ಬಂದಿತು. ಅಲ್ಲಿಯ ಕಾರಖಾನೆಗಳ ಬದಿಗೆ ಬೆಳೆದಿರುವ ವಸತಿಯ ಓಣಿಯೊಂದರಲ್ಲಿ ನಿಂತು ಮೇಲೆ ನೋಡಿದರೆ, ಕೆಲವು ತಾರಸಿಗಳ ಮೇಲೆ ದಕ್ಷಿಣಕ್ಕೆ ವಾಲಿಸಿದ ಕಪ್ಪುನೀಲಿಯ ಸೌರಫಲಕಗಳು ಹೊಳೆಯುತ್ತವೆ. ಅದೇ ಓಣಿಯ ಮುಂದಿನ ಕಟ್ಟಡದಲ್ಲಿ ಒಂದರ ಪಕ್ಕಕ್ಕೊಂದು ಖೋಲಿಗಳು. ಒಂದೊಂದರಲ್ಲಿ ಒಂದು ಸಂಸಾರ, ಇಲ್ಲವೆ ಪಾಳಿಯ ಕೆಲಸಕ್ಕೆ ಹೋಗಿಬರುವ ನಾಲ್ಕಾರು ಮಂದಿ ಹುಡುಗರು. ಆ ಕಟ್ಟಡದ ತಾರಸಿ ಬರಿದಾಗಿದೆ. ಅದರ ಮೇಲೂ ಅಷ್ಟೇ ಬಿಸಿಲು ಬೀಳುತ್ತದೆ. ಒಂದೇ ಓಣಿಯ ಎರಡು ತಾರಸಿಗಳ ನಡುವೆ ಈ ಭೇದವೇಕೆ ಬಂದಿತೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ. ಇದಕ್ಕೆ ಉತ್ತರವನ್ನು ಯಂತ್ರಶಾಸ್ತ್ರದಲ್ಲಿ ಹುಡುಕಿದರೆ ಸಿಕ್ಕದು, ಚರಿತ್ರೆಯಲ್ಲಿ ಹುಡುಕಬೇಕು.

2

ವಾಳೂಜು ಕನ್ನಡಿಗರಿಗೆ ತೀರ ಪರಕೀಯವಾದ ನೆಲವಲ್ಲ. ‘ಕವಿರಾಜಮಾರ್ಗ’ವು ಕನ್ನಡ ನಾಡಿನ ಎಲ್ಲೆಯನ್ನು ಹೇಳುವಾಗ ಕಾವೇರಿಯಿಂದ ಹೊರಟು ನಿಲ್ಲುವುದು ಗೋದಾವರಿಯ ಬಳಿಯಲ್ಲಿ, ವಾಳೂಜು ಆ ಗೋದಾವರಿಯ ಕೊಳ್ಳದಲ್ಲಿಯೇ ಇದೆ. ಎಲ್ಲೋರದ ಕೈಲಾಸ ದೇವಾಲಯವನ್ನು ಎಂಟನೆಯ ಶತಮಾನದ ರಾಷ್ಟ್ರಕೂಟ ಒಂದನೆಯ ಕೃಷ್ಣನ ಹೆಸರಿನೊಡನೆ ಜೋಡಿಸುವುದು ವಾಡಿಕೆ. ಈ ಜಿಲ್ಲೆಯ ಒಂದು ತಾಲ್ಲೂಕಿನ ಹೆಸರೇ ಕನ್ನಡ. ಹಳೆಯ ಮಾತು ಹಾಗಿರಲಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಔರಂಗಾಬಾದು, ಬೀದರ, ಗುಲ್ಬರ್ಗ, ರಾಯಚೂರುಗಳು ಒಂದೇ ಹೈದರಾಬಾದು ರಾಜ್ಯದ ಜಿಲ್ಲೆಗಳಾಗಿದ್ದುವು. ಒಂದೇ ರಾಜಧಾನಿಯ ಕಡೆಗೆ ಅರ್ಜಿ ಹಿಡಿದು ಹೋಗುತ್ತಿದ್ದುವು. ಆ ಅಣ್ಣತಮ್ಮಂದಿರು ಬೇರೆಯಾದ ಮೇಲೆ ಸುಮಾರು ಮೂವತ್ತು ವರ್ಷಕ್ಕೆ, ಅಂದರೆ 1980ರ ದಶಕದಲ್ಲಿ, ವಾಳೂಜಿನ ಔದ್ಯೋಗಿಕ ವಸಾಹತು ತಲೆಯೆತ್ತಿತು. 1985ರಲ್ಲಿ ಬಜಾಜ್ ಆಟೋ ಕಾರಖಾನೆ ಅಲ್ಲಿ ಆರಂಭವಾಯಿತು. ದುಡಿಮೆಯನ್ನರಸಿ ಬೀದರ, ಕಲಬುರಗಿ, ವಿಜಯಪುರಗಳ ಕಡೆಯ ಕುಟುಂಬಗಳು ಹೀಗೆಯೇ ಮಹಾರಾಷ್ಟ್ರದ ಔದ್ಯೋಗಿಕ ಊರುಗಳಿಗೆ ಬಂದಿವೆ. ಅವರಲ್ಲಿ ಹಲವರಿಗೆ ಹುಟ್ಟೂರಿನಲ್ಲಿ ಮಾಳಿಗೆಯುಂಟು, ಅದರ ಕೆಳಗೆ ಬೀಗ ಹಾಕಿದ ಬಾಗಿಲುಂಟು. ಇಲ್ಲಿ ದೀಪವುಂಟು, ತಮ್ಮದೆನ್ನುವ ಮಾಳಿಗೆಯಿಲ್ಲ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಲೇಖನದ ಕೊನೆಯಲ್ಲಿ ಇದಕ್ಕೇ ಹಿಂದಿರುಗಬೇಕಾಗಿದೆ.

ಇನ್ನು ವಿದ್ಯುಚ್ಛಕ್ತಿ ನಮ್ಮ ನಾಡಿಗೆ ಬಂದ ಕ್ರಮವನ್ನು ನೋಡೋಣ. ಮೈಸೂರು ಸಂಸ್ಥಾನದ ಶಿವನಸಮುದ್ರದಲ್ಲಿ ಕಾವೇರಿಯ ಜಲಪಾತದಿಂದ ವಿದ್ಯುತ್ತನ್ನು ಪಡೆಯುವ ಯೋಜನೆ ರೂಪುಗೊಂಡುದು ದಿವಾನ್ ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಆಡಳಿತದ ಕೊನೆಯ ವರ್ಷಗಳಲ್ಲಿ. ಅದು ಕಾರ್ಯರೂಪಕ್ಕೆ ಬಂದುದನ್ನು ನೋಡಲು ಅವರು ಉಳಿಯಲಿಲ್ಲ, 1901ರಲ್ಲಿ ತೀರಿಕೊಂಡರು. 1902ನೆಯ ಇಸವಿ ಜೂನ್ 30ರಂದು ಅಲ್ಲಿಂದ ಹೊರಟ ವಿದ್ಯುತ್ತು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ್ದು ಆ ಕಾಲದಲ್ಲಿ ಜಗತ್ತಿಗೇ ಅಚ್ಚರಿಯ ವಿಷಯವಾಗಿತ್ತು. ಬೆಂಗಳೂರಿನ ಬೀದಿದೀಪಗಳು ಹೊತ್ತಿದ್ದು ಮೂರು ವರ್ಷಗಳ ಅನಂತರ, 1905ರ ಆಗಸ್ಟ್ 5ರಂದು. ತಂತಿ ಹಾದುಹೋದ ದಾರಿಯುದ್ದಕ್ಕೂ ಇದ್ದ ಹಳ್ಳಿಗಳ ಜನ ಕಂಬಗಳನ್ನು ನೋಡಿದರು, ಬೆಳಕನ್ನು ನೋಡಲಿಲ್ಲ. ಮುಂಬಯಿ ಪ್ರಾಂತದಲ್ಲಿ ನಡೆದುದೂ ಇದೇ. 1915ರಲ್ಲಿ ಖೋಪೋಲಿಯಲ್ಲಿ ಟಾಟಾ ಸಂಸ್ಥೆಯ ಜಲವಿದ್ಯುತ್ ಕೇಂದ್ರ ಆರಂಭವಾದಾಗ ಅದರ ಮುಖ್ಯ ಗಿರಾಕಿಗಳು ಮುಂಬಯಿಯ ಬಟ್ಟೆಯ ಗಿರಣಿಗಳು. ಹೈದರಾಬಾದು ಸಂಸ್ಥಾನದಲ್ಲಿ 1910ರಲ್ಲಿ ವಿದ್ಯುತ್ ಇಲಾಖೆ ಹುಟ್ಟಿತಾದರೂ ಅದರ ಬೆಳಕು ಬಿದ್ದುದು ಮೊದಲು ರಾಜಧಾನಿಯ ಮೇಲೆ.

ಗಣಿ ಮೊದಲು, ಗಿರಣಿ ಅನಂತರ, ನಗರ ಆ ಮೇಲೆ, ಹಳ್ಳಿಯ ಮನೆ ಎಲ್ಲಕ್ಕೂ ಕೊನೆಗೆ: ಇದು ಆ ಕಾಲದ ಕ್ರಮ. ಇದರಲ್ಲಿ ಯಾರ ದುರುದ್ದೇಶವನ್ನೂ ಹುಡುಕಬೇಕಾಗಿಲ್ಲ. ಬಂಡವಾಳ ಹೂಡಿದವನಿಗೆ ಒಮ್ಮೆಗೇ ಹೆಚ್ಚು ಕೊಳ್ಳುವ, ತಪ್ಪದೆ ಹಣ ಕೊಡುವ ಗಿರಾಕಿ ಬೇಕು. ಗಣಿ ಅಂಥದು, ಗುಡಿಸಲು ಅಂಥದಲ್ಲ. ಗುಡಿಸಲಿಗೆ ಬೆಳಕು ಹೋಗಬೇಕಾದರೆ ಬೇರೊಂದು ಬಗೆಯ ಕರಾರು ಬೇಕಾಗಿತ್ತು. 1948ರ ವಿದ್ಯುತ್ ಸರಬರಾಜು ಕಾಯಿದೆ, ಅದರ ಆಧಾರದ ಮೇಲೆ 1957ರಲ್ಲಿ ಮೈಸೂರಿನಲ್ಲಿಯೂ 1960ರಲ್ಲಿ ಮಹಾರಾಷ್ಟ್ರದಲ್ಲಿಯೂ ಸ್ಥಾಪಿತವಾದ ವಿದ್ಯುತ್ ಮಂಡಳಿಗಳು, ಒಂದು ಬಲ್ಬಿನ ಮನೆಗೆಂದೇ 1988-89ರಲ್ಲಿ ಕೇಂದ್ರ ಸರ್ಕಾರ ತಂದ ಕುಟೀರ ಜ್ಯೋತಿ, 2017ರ ಸೌಭಾಗ್ಯ ಯೋಜನೆ ಇವೆಲ್ಲವೂ ಆ ಹೊಸ ಕರಾರಿನ ಹಂತಗಳು. ಜಲಪಾತದಿಂದ ಗಣಿಗೆ ಹೋಗಲು ಗೊತ್ತಿದ್ದ ವಿದ್ಯೆಯೇ ಗುಡಿಸಲಿಗೆ ಹೋಗಲೂ ಸಾಕಾಗಿತ್ತು. ತಡವಾದುದು ವಿದ್ಯೆಯಿಂದಲ್ಲ, ಕರಾರಿನಿಂದ.

3

ಈ ಸೂತ್ರವನ್ನು ಹಿಡಿದು ಸೌರವಿದ್ಯುತ್ತಿನ ಕಡೆಗೆ ಬರೋಣ. ಬೆಳಕು ಬಿದ್ದರೆ ಕೆಲವು ವಸ್ತುಗಳಲ್ಲಿ ವಿದ್ಯುತ್ತು ಹುಟ್ಟುತ್ತದೆಂಬುದನ್ನು ಫ್ರಾನ್ಸಿನ ಎಡ್ಮಂಡ್ ಬೆಕರೆಲ್ 1839ರಲ್ಲಿಯೇ ಕಂಡಿದ್ದನು. ಕೆಲಸಕ್ಕೆ ಬರುವಂಥ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಶಾಲೆ ಪ್ರದರ್ಶಿಸಿದ್ದು 1954ರಲ್ಲಿ. ಅದರ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲು ವಿದ್ಯುತ್ತಾಗುತ್ತಿತ್ತು. ಇಂದಿನ ಫಲಕಗಳಲ್ಲಿ ಈ ಪ್ರಮಾಣ ನೂರಕ್ಕೆ ಇಪ್ಪತ್ತನ್ನು ದಾಟಿದೆ. ಆದರೆ ನಮ್ಮಲ್ಲಿ ಸೂರ್ಯನು ಮನೆಯ ಮೇಲಕ್ಕೆ ಮೊದಲು ಬಂದುದು ವಿದ್ಯುತ್ತಾಗಿಯಲ್ಲ, ಬಿಸಿನೀರಾಗಿ. ಬೆಂಗಳೂರು, ಮೈಸೂರುಗಳ ತಾರಸಿಗಳ ಮೇಲೆ ನೀರು ಕಾಯಿಸುವ ಸೌರಯಂತ್ರಗಳು ಸಾಲುಗಟ್ಟಿದುದನ್ನು ಎಲ್ಲರೂ ನೋಡಿದ್ದಾರೆ. ಹೊಸ ಮನೆ ಕಟ್ಟುವವರಿಗೆ ಅದನ್ನು ನಿಯಮದಿಂದ ಕಡ್ಡಾಯ ಮಾಡಿದುದೂ, ಹಾಕಿಸಿಕೊಂಡವರಿಗೆ ಬಿಲ್ಲಿನಲ್ಲಿ ಸ್ವಲ್ಪ ರಿಯಾಯಿತಿ ಕೊಟ್ಟುದೂ ಅದರ ಪ್ರಚಾರಕ್ಕೆ ಕಾರಣವಾದುವು. ನಿಯಮವು ಮನೆ ಕಟ್ಟುವವನನ್ನು ಉದ್ದೇಶಿಸಿತ್ತು. ರಿಯಾಯಿತಿಯೂ ಅವನಿಗೇ ಹೋಯಿತು.

ಇದಕ್ಕಿಂತ ಬೇರೆಯಾದ ಎರಡು ಪ್ರಯೋಗಗಳು ಕರ್ನಾಟಕದಲ್ಲಿ ನಡೆದುವು. ಅವು ವಾಳೂಜಿನ ಪ್ರಶ್ನೆಗೆ ನೇರವಾಗಿ ಸಂಬಂಧಪಟ್ಟವು.

ಮೊದಲನೆಯದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಗ್ರಾಮದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ಎನ್. ರೆಡ್ಡಿ ಅವರು 1974ರಲ್ಲಿ ‘ಅಸ್ತ್ರ’ ಎಂಬ ಗ್ರಾಮಾನ್ವಯ ವಿಜ್ಞಾನ ಕೇಂದ್ರವನ್ನು ಕಟ್ಟಿದರು. ಅವರ ತಂಡ ಪುರದಲ್ಲಿ ಊರಿಗೆಲ್ಲ ಒಂದೇ ಗೋಬರ್ ಅನಿಲದ ಸ್ಥಾವರವನ್ನು ನಿರ್ಮಿಸಿತು. ಮೊದಲು ಅಡಿಗೆಗೆ ಅನಿಲ ಕೊಡುವ ಯತ್ನ ನಡೆದು, ಸಗಣಿ ಸಾಲದೆ ಅದು ಕೈಗೂಡಲಿಲ್ಲ. ಅನಂತರ 1987ರಿಂದ ಆ ಅನಿಲದಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗಳಿಗೂ, ಬೆಳಕನ್ನು ಮನೆಗಳಿಗೂ ಕೊಟ್ಟರು. ಸಗಣಿ ತಂದವರಿಗೆ ತಂದಷ್ಟಕ್ಕೆ ಲೆಕ್ಕವಿಟ್ಟು ಹಣ ಕೊಡುತ್ತಿದ್ದರು. ಗೊಬ್ಬರ ಅವರ ಹೊಲಕ್ಕೆ ಹಿಂದಿರುಗುತ್ತಿತ್ತು. ಗಮನಿಸಬೇಕಾದ ಅಂಶವಿದು: ದೀಪ ಪಡೆಯಲು ಮನೆಯಲ್ಲಿ ಸ್ಥಾವರವಿರಬೇಕಾಗಿರಲಿಲ್ಲ. ಸ್ಥಾವರ ಒಂದು ಕಡೆ, ದೀಪ ಹಲವು ಕಡೆ. ನಡುವೆ ಇದ್ದುದು ಎಲ್ಲರೂ ನಂಬುವಂಥ ಒಂದು ಲೆಕ್ಕದ ಪುಸ್ತಕ.

ಎರಡನೆಯದು ಸೆಲ್ಕೋ ಸಂಸ್ಥೆಯದು. ಹರೀಶ್ ಹಂದೆ ಅವರು ಅಮೆರಿಕದಲ್ಲಿ ಓದುತ್ತಿದ್ದಾಗ ಡೊಮಿನಿಕನ್ ಗಣರಾಜ್ಯದ ಬಡಮನೆಗಳಲ್ಲಿ ಸೌರದೀಪಗಳನ್ನು ಕಂಡು, 1995ರಲ್ಲಿ ನೆವಿಲ್ ವಿಲಿಯಮ್ಸ್ ಅವರೊಡನೆ ಕೂಡಿ ಬೆಂಗಳೂರಿನಲ್ಲಿ ಈ ಸಂಸ್ಥೆಯನ್ನು ಸ್ಥಾಪಿಸಿದರು. ಈ ಕೆಲಸಕ್ಕಾಗಿ 2011ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ತಂತಿ ಬಾರದ, ಬಂದರೂ ವಿದ್ಯುತ್ತು ನಿಲ್ಲದ ಹಳ್ಳಿಗಳ ಮನೆಗಳಿಗೆ ಒಂದು ಫಲಕ, ಒಂದು ಬ್ಯಾಟರಿ, ಎರಡು ಇಲ್ಲವೆ ನಾಲ್ಕು ದೀಪ: ಸಾಧನ ಇಷ್ಟೇ. ಕಷ್ಟವಿದ್ದುದು ಹಣದಲ್ಲಿ. ಹತ್ತಾರು ಸಾವಿರ ರೂಪಾಯಿಗಳನ್ನು ಒಮ್ಮೆಗೇ ಕೊಡಬಲ್ಲವನು ದೀಪವಿಲ್ಲದ ಮನೆಯಲ್ಲಿರುವುದು ಅಪರೂಪ. ಆದುದರಿಂದ ಧಾರವಾಡದ ಮಲಪ್ರಭಾ ಗ್ರಾಮೀಣ ಬ್ಯಾಂಕು, ಸಿಂಡಿಕೇಟ್ ಬ್ಯಾಂಕು ಮೊದಲಾದುವು ದೀಪಕ್ಕಾಗಿ ಸಾಲ ಕೊಡುವಂತೆ ಒಪ್ಪಿಸಬೇಕಾಯಿತು. ಎಮ್ಮೆಗೆ ಸಾಲ ಕೊಡುತ್ತಿದ್ದ ಬ್ಯಾಂಕಿಗೆ ದೀಪಕ್ಕೆ ಸಾಲ ಕೊಡುವುದು ಹೊಸ ಮಾತಾಗಿತ್ತು. 2003ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದ ನೆರವಿನಿಂದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಬಡ್ಡಿಯನ್ನಿಳಿಸಿ ಇಂಥ ಸಾಲಗಳನ್ನು ಕೊಡತೊಡಗಿದುವು. ಕೆಲವೇ ವರ್ಷಗಳಲ್ಲಿ ಹದಿನಾರು ಸಾವಿರಕ್ಕೂ ಮಿಕ್ಕ ಮನೆಗಳು ಅದರ ಪ್ರಯೋಜನ ಪಡೆದುವು.

ಇಲ್ಲಿ ಒಂದು ಹಳೆಯ ಕರಾವಳಿಯ ಸಂಪ್ರದಾಯದ ನೆನಪು ಬರುತ್ತದೆ. ಇದೇ ಸಿಂಡಿಕೇಟ್ ಬ್ಯಾಂಕು ಉಡುಪಿಯಲ್ಲಿ ಚಿಕ್ಕದಾಗಿದ್ದ ಕಾಲದಲ್ಲಿ, 1928ರಲ್ಲಿ, ಡಾ. ಟಿ. ಎಂ. ಎ. ಪೈ ಅವರು ಪಿಗ್ಮಿ ಠೇವಣಿಯನ್ನು ಆರಂಭಿಸಿದರು. ಬ್ಯಾಂಕಿನ ಮನುಷ್ಯ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನೂ ಜಮಾ ಮಾಡಿಕೊಳ್ಳುತ್ತಿದ್ದನು. ತಿಂಗಳಿಗೊಮ್ಮೆ ದೊಡ್ಡ ಮೊತ್ತ ಕೊಡಲಾರದವನು ದಿನಕ್ಕೊಮ್ಮೆ ಚಿಲ್ಲರೆ ಕೊಡಬಲ್ಲನೆಂಬುದು ಆ ಪದ್ಧತಿಯ ಗುಟ್ಟು. ಬೀದಿಬದಿಯ ವ್ಯಾಪಾರಿಗಳಿಗೆ ಸೌರದೀಪವನ್ನು ಒದಗಿಸಿದ ಕ್ರಮದಲ್ಲಿಯೂ ಇದೇ ಗುಟ್ಟಿತ್ತು. ತಳ್ಳುಗಾಡಿಯವನಿಗೆ ಫಲಕವಿಡಲು ಮಾಳಿಗೆಯೆಲ್ಲಿ? ಒಬ್ಬನು ತನ್ನ ಜಾಗದಲ್ಲಿ ಫಲಕಗಳನ್ನಿಟ್ಟು ಹಗಲೆಲ್ಲ ಬ್ಯಾಟರಿಗಳಿಗೆ ವಿದ್ಯುತ್ತು ತುಂಬುವನು. ಸಂಜೆ ದೀಪಗಳೊಡನೆ ಅವನ್ನು ವ್ಯಾಪಾರಿಗಳಿಗೆ ಕೊಟ್ಟು ರಾತ್ರಿ ಬಾಡಿಗೆಯೊಡನೆ ಹಿಂದಕ್ಕೆ ಪಡೆಯುವನು. ಮಾಳಿಗೆಯೇ ಇಲ್ಲದವನಿಗೂ ಸೂರ್ಯನ ಬೆಳಕು ರಾತ್ರಿಯಲ್ಲಿ ಸಿಕ್ಕಿತು. ಈ ಎರಡು ಪ್ರಯೋಗಗಳು ಗಾತ್ರದಲ್ಲಿ ಸಣ್ಣವು. ಆದರೆ ಬೆಳಕಿಗೂ ಮಾಳಿಗೆಯ ಒಡೆತನಕ್ಕೂ ಇರುವ ಗಂಟನ್ನು ಬಿಚ್ಚಬಹುದೆಂದು ಅವು ತೋರಿಸಿದುವು.

4

ಮುಂದಿನ ಅಧ್ಯಾಯದಲ್ಲಿ ಕಥೆಯ ದಿಕ್ಕು ಬದಲಾಯಿತು. ಫಲಕಗಳ ಬೆಲೆ ಇಳಿಯಿತು. ಬ್ಯಾಟರಿಯನ್ನು ಬಿಟ್ಟು ನೇರವಾಗಿ ಸರಬರಾಜಿನ ತಂತಿಗೇ ಜೋಡಿಸುವ ಪದ್ಧತಿ ಬಂದಿತು. 2010ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಸೌರ ಅಭಿಯಾನವನ್ನು ಸಾರಿತು. ಆ ಹೊತ್ತಿಗೆ ಕರ್ನಾಟಕದಲ್ಲಿ ತಂತಿಗೆ ಜೋಡಿಸಿದ ಮೂರು ಮೆಗಾವಾಟಿನ ಸೌರಸ್ಥಾವರ ಯಳೇಸಂದ್ರದಲ್ಲಿ ಎದ್ದಿತ್ತು. ಅದೂ ಕೋಲಾರ ಜಿಲ್ಲೆ! ನೂರು ವರ್ಷಗಳ ಹಿಂದೆ ಶಿವನಸಮುದ್ರದ ತಂತಿ ಹೋಗಿ ಮುಟ್ಟಿದ ಸೀಮೆಯಿಂದಲೇ ಈಗ ಸೂರ್ಯನ ವಿದ್ಯುತ್ತು ತಂತಿಗೆ ಹರಿಯಿತು. 2018-19ರ ವೇಳೆಗೆ ಪಾವಗಡದಲ್ಲಿ ರೈತರ ಸುಮಾರು ಹದಿಮೂರು ಸಾವಿರ ಎಕರೆಯನ್ನು ಗುತ್ತಿಗೆಗೆ ಹಿಡಿದು 2,050 ಮೆಗಾವಾಟಿನ ಸೌರವನ ಬೆಳೆಯಿತು. ಹೊಲದ ಮೇಲಿನ ಸೂರ್ಯ ಬೇಗ ಬೆಳೆದನು. ಮನೆಯ ಮೇಲಿನ ಸೂರ್ಯ ಹಿಂದುಳಿದನು.

ಮನೆಯ ಮೇಲಿನ ಫಲಕಕ್ಕೆ ಆಧಾರವಾದುದು ನೆಟ್ ಮೀಟರಿಂಗ್ ಎಂಬ ನಿವ್ವಳ ಲೆಕ್ಕದ ಪದ್ಧತಿ. ಹಗಲು ಮನೆಯವರು ಬಳಸಿ ಉಳಿದ ವಿದ್ಯುತ್ತು ತಂತಿಗೆ ಹೋಗುತ್ತದೆ. ರಾತ್ರಿ ಬೇಕಾದುದು ತಂತಿಯಿಂದ ಬರುತ್ತದೆ. ತಿಂಗಳ ಕೊನೆಗೆ ಕೊಟ್ಟುದನ್ನು ತಂದುದರಲ್ಲಿ ಕಳೆದು ಉಳಿದುದಕ್ಕೆ ಬಿಲ್ಲು. ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗವು 2013ರ ಅಕ್ಟೋಬರಿನಲ್ಲಿ, ಹೀಗೆ ಮಿಕ್ಕ ವಿದ್ಯುತ್ತಿಗೆ ಯೂನಿಟ್ಟಿಗೆ 9 ರೂಪಾಯಿ 56 ಪೈಸೆಯನ್ನೂ, ಸಹಾಯಧನ ಪಡೆದವರಿಗೆ 7 ರೂಪಾಯಿ 20 ಪೈಸೆಯನ್ನೂ ಗೊತ್ತುಮಾಡಿತು. ಫಲಕದ ಬೆಲೆ ಇಳಿದಂತೆ 2016ರಲ್ಲಿ ಈ ದರವನ್ನೂ ಇಳಿಸಲಾಯಿತು. ಮಹಾರಾಷ್ಟ್ರದ ಆಯೋಗವು 2015ರಲ್ಲಿ ತನ್ನ ನೆಟ್ ಮೀಟರಿಂಗ್ ನಿಯಮಗಳನ್ನು ತಂದು 2019ರಲ್ಲಿ ಅವನ್ನು ಪರಿಷ್ಕರಿಸಿತು. ಕೇಂದ್ರ ಸರ್ಕಾರ 2015ರಲ್ಲಿ, ಏಳು ವರ್ಷಗಳೊಳಗೆ ದೇಶದ ಮಾಳಿಗೆಗಳ ಮೇಲೆಯೇ 40,000 ಮೆಗಾವಾಟು ಬೆಳೆಯಬೇಕೆಂದು ಗುರಿಯಿಟ್ಟಿತು. 2022 ಕಳೆದಾಗ ಅದರ ಅರ್ಧವೂ ಆಗಿರಲಿಲ್ಲ. ಆಗ ಬಂದುದು 2024ರ ಫೆಬ್ರವರಿಯ ಪಿಎಂ ಸೂರ್ಯಘರ್ ಯೋಜನೆ. 75,021 ಕೋಟಿ ರೂಪಾಯಿಗಳ ವೆಚ್ಚ, ಒಂದು ಕೋಟಿ ಮನೆಗಳ ಗುರಿ. ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟಿನಲ್ಲಿ 78,000 ರೂಪಾಯಿಗಳವರೆಗೆ ಸಹಾಯಧನ. ಮೇಲಾಗಿ ಅಡವಿಲ್ಲದೆ ಕಡಿಮೆ ಬಡ್ಡಿಯ ಸಾಲ. ಹತ್ತು ಕಿಲೋವಾಟಿನವರೆಗೆ ತಾಂತ್ರಿಕ ಪರಿಶೀಲನೆಗೆಂದು ಅರ್ಜಿಯನ್ನು ತಡೆಯಬಾರದೆಂದೂ ಅದೇ ವರ್ಷ ನಿಯಮವಾಯಿತು. 2025ರ ಮಾರ್ಚಿನಲ್ಲಿ ಫಲಕ ಹೊತ್ತ ಮನೆಗಳ ಸಂಖ್ಯೆ ಹತ್ತು ಲಕ್ಷಕ್ಕೆ ಮುಟ್ಟಿತು. ಮಹಾರಾಷ್ಟ್ರ ಸರ್ಕಾರವು ತಿಂಗಳಿಗೆ ನೂರು ಯೂನಿಟ್ಟಿನೊಳಗೆ ಬಳಸುವ ಬಡಮನೆಗಳಿಗೆ ತನ್ನದೊಂದು ಪಾಲನ್ನು ಸೇರಿಸುವ ಯೋಜನೆಯನ್ನೂ 2025ರಲ್ಲಿ ಪ್ರಕಟಿಸಿತು. ಇಷ್ಟು ಕೆಲಸವಾದುದನ್ನು ಕಡೆಗಣಿಸಿ ಮಾತಾಡುವುದು ನ್ಯಾಯವಲ್ಲ.

ಈಗ ವಾಳೂಜಿನ ಓಣಿಗೆ ಹಿಂದಿರುಗೋಣ. ಒಂದು ಕಿಲೋವಾಟಿನ ಫಲಕಗಳಿಗೆ ಸುಮಾರು ಹತ್ತು ಚದರ ಮೀಟರಿನ ನೆರಳಿಲ್ಲದ ಜಾಗ ಬೇಕು. ಅದರಿಂದ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ಟು ಹುಟ್ಟುತ್ತದೆ. ಮೂರು ಕಿಲೋವಾಟಾದರೆ ತಿಂಗಳಿಗೆ ಮುನ್ನೂರು ಯೂನಿಟ್ಟಿಗೂ ಹೆಚ್ಚು. ಸ್ವಂತ ಮನೆಯುಳ್ಳ ನೌಕರನಿಗೆ ಈ ಲೆಕ್ಕ ಸರಿಹೋಗುತ್ತದೆ. ಬಿಲ್ಲು ಬಹುಮಟ್ಟಿಗೆ ಅಳಿಯುತ್ತದೆ. ಬ್ಯಾಟರಿಯಿಲ್ಲದ ಫಲಕವು ತಂತಿಯಲ್ಲಿ ವಿದ್ಯುತ್ತು ನಿಂತಾಗ ತಾನೂ ನಿಲ್ಲುವುದೆಂಬುದನ್ನು ತಿಳಿಯದೆ ಮೊದಲ ಮಳೆಗಾಲದಲ್ಲಿ ಬೆಚ್ಚುವವರುಂಟು. ಕಂಬ ಹತ್ತಿ ದುರಸ್ತಿ ಮಾಡುವವನ ಪ್ರಾಣರಕ್ಷಣೆಗಾಗಿಯೇ ಆ ಏರ್ಪಾಡೆಂದು ತಿಳಿಸಿದರೆ ಅದನ್ನು ಒಪ್ಪುತ್ತಾರೆ. ಇವೆಲ್ಲ ಸಣ್ಣ ತೊಡಕುಗಳು.

ದೊಡ್ಡ ತೊಡಕು ಪಕ್ಕದ ಕಟ್ಟಡದ್ದು. ಯೋಜನೆಯ ಅರ್ಜಿ ಮೂರು ವಸ್ತುಗಳನ್ನು ಕೇಳುತ್ತದೆ: ತನ್ನದಾದ ಮನೆ ಮತ್ತು ಮಾಳಿಗೆ, ತನ್ನ ಹೆಸರಿನ ವಿದ್ಯುತ್ ಸಂಪರ್ಕ, ಬ್ಯಾಂಕಿನ ಖಾತೆ. ಖೋಲಿಯಲ್ಲಿರುವವನಿಗೆ ಮೂರನೆಯದುಂಟು. ಎರಡನೆಯದು ಹಲವರಿಗಿಲ್ಲ, ಕಂಪನಿಯ ಮೀಟರು ಮಾಲಕನ ಹೆಸರಿನಲ್ಲಿ, ಒಳಗಿರುವುದು ಸಬ್‌ಮೀಟರು, ಮಾಲಕನು ಹೇಳಿದ ದರಕ್ಕೆ ಮಾಲಕನ ಕೈಗೇ ಹಣ. ಸರಬರಾಜು ಕಂಪನಿಯ ದಫ್ತರದಲ್ಲಿ ಅವನು ಗ್ರಾಹಕನೇ ಅಲ್ಲ. ಮೊದಲನೆಯದಂತೂ ಇಲ್ಲವೇ ಇಲ್ಲ. ಇತ್ತ ಮಾಲಕನಿಗೆ ಫಲಕ ಹಾಕಿಸುವ ಆತುರವಿಲ್ಲ. ಬಿಲ್ಲು ತೆರುವವರು ಬಾಡಿಗೆಯವರಾದ ಮೇಲೆ ಅದು ಇಳಿದರೆ ಅವನಿಗೇನು ಲಾಭ? ಹೀಗೆ ಒಬ್ಬನಿಗೆ ಮಾಳಿಗೆಯುಂಟು, ಅಗತ್ಯವಿಲ್ಲ. ಇನ್ನೊಬ್ಬನಿಗೆ ಅಗತ್ಯವುಂಟು, ಮಾಳಿಗೆಯಿಲ್ಲ. ಬರಿದಾದ ತಾರಸಿಯ ರಹಸ್ಯವಿದು. ನಾಸಿಕದ ಸಾತಪುರ, ಅಂಬಡಗಳ ಕಾರ್ಮಿಕರ ಖೋಲಿಗಳಿಗೂ ಬೆಂಗಳೂರಿನ ಪೀಣ್ಯದ ವಠಾರಗಳಿಗೂ ಇದೇ ಮಾತು ಸಲ್ಲುತ್ತದೆ.

ಹೋಲಿಕೆಗಾಗಿ ಕರ್ನಾಟಕದ ಗೃಹಜ್ಯೋತಿಯನ್ನು ನೋಡಬಹುದು. 2023ರ ಆಗಸ್ಟ್ 5ರಂದು ಕಲಬುರಗಿಯಲ್ಲಿ ಉದ್ಘಾಟನೆಯಾದ ಆ ಯೋಜನೆ ತಿಂಗಳಿಗೆ 200 ಯೂನಿಟ್ಟಿನವರೆಗೆ ಬಿಲ್ಲನ್ನು ಮನ್ನಾ ಮಾಡುತ್ತದೆ. ಅದರ ಆರ್ಥಿಕ ಸಾಧುತ್ವದ ಚರ್ಚೆ ಬೇರೆ. ಬಿಲ್ಲೇ ಇಲ್ಲದ ಮನೆಗೆ ಫಲಕದ ಆಸೆ ಹುಟ್ಟದೆಂಬ ಆಕ್ಷೇಪವೂ ಉಂಟು. ಆದರೆ ಒಂದು ಮಾತು ನಿಜ: ಅದು ಬಾಡಿಗೆಯ ಮನೆಯವರಿಗೂ ದೊರೆಯಿತು. ಕಾರಣವೇನೆಂದರೆ ಆ ನೆರವನ್ನು ಮೀಟರಿಗೆ ಕಟ್ಟಿದರು, ಮಾಳಿಗೆಗೆ ಕಟ್ಟಲಿಲ್ಲ. ನೆರವನ್ನು ಯಾವ ಗೂಟಕ್ಕೆ ಕಟ್ಟುತ್ತಾರೋ ಆ ಗೂಟವುಳ್ಳವನ ಮನೆಗೆ ಅದು ಹೋಗುತ್ತದೆ.

ಇದು ಕೇವಲ ಸಿಕ್ಕದೆ ಹೋದ ಲಾಭದ ಮಾತಾಗಿದ್ದರೆ ಸುಮ್ಮನಿರಬಹುದಾಗಿತ್ತು. ಸರಬರಾಜು ಕಂಪನಿಗಳ ದರಪಟ್ಟಿಯನ್ನು ನೋಡಿದವರಿಗೆ ತಿಳಿದಿರುವಂತೆ, ಹೆಚ್ಚು ಬಳಸುವವರು ಹೆಚ್ಚಿನ ದರ ಕೊಟ್ಟು ಕಡಿಮೆ ಬಳಸುವವರ ಭಾರವನ್ನು ಸ್ವಲ್ಪ ಹೊರುತ್ತಾರೆ. ದೊಡ್ಡ ಬಿಲ್ಲಿನವರು ಒಬ್ಬೊಬ್ಬರಾಗಿ ಮಾಳಿಗೆಯ ಸೂರ್ಯನ ಕಡೆಗೆ ಸರಿದರೆ, ಕಂಬ, ತಂತಿ, ಪರಿವರ್ತಕಗಳ ಖರ್ಚು ಉಳಿದವರ ಮೇಲೆ ಬೀಳುವ ಸಂಭವವಿದೆ. ಉಳಿಯುವವರು ಯಾರು? ಖೋಲಿಯವರು. ರಾತ್ರಿ ಫಲಕವುಳ್ಳವನ ಮನೆಗೂ ಅದೇ ತಂತಿಯ ಬೆಳಕೇ ಬೇಕಲ್ಲವೆ? ಸರಬರಾಜು ಕಂಪನಿಗಳು ಮಾಳಿಗೆಯ ಸೌರವಿದ್ಯುತ್ತಿನ ವಿಷಯದಲ್ಲಿ ತೋರಿದ ಅನುಮಾನಕ್ಕೆ ಸ್ವಾರ್ಥವೊಂದೇ ಕಾರಣವಲ್ಲ. ಈ ಕಾರಣವೂ ಸೇರಿದೆ. ಹಾಗೆಂದು ಫಲಕಗಳನ್ನು ತಡೆಯುವುದು ಪರಿಹಾರವಲ್ಲ. ಖೋಲಿಯವನನ್ನೂ ಸೂರ್ಯನಿಗೆ ಪಾಲುದಾರನನ್ನಾಗಿ ಮಾಡುವುದು ಪರಿಹಾರ.

5

ಅದು ಸಾಧ್ಯವೆ? ಸಾಧ್ಯವೆಂಬುದಕ್ಕೆ ಸಂಭಾಜಿನಗರದಲ್ಲಿಯೇ ಹಳೆಯ ಸಾಕ್ಷಿಯಿದೆ. 1610ರ ಸುಮಾರಿಗೆ ಖಡಕಿಯೆಂಬ ಹೆಸರಿನಲ್ಲಿ ಈ ನಗರವನ್ನು ಕಟ್ಟಿದ ಮಲಿಕ್ ಅಂಬರನು ನೆಲದಡಿಯ ಕಾಲುವೆಯಿಂದ ಊರಿಗೆ ನೀರನ್ನು ತಂದನು. ಜನ ಅದನ್ನು ‘ನಹರ್-ಎ-ಅಂಬರಿ’ ಎನ್ನುತ್ತಾರೆ. ಅನಂತರ ಬಂದ ಪನಚಕ್ಕಿಗೂ ದೂರದ ಬುಗ್ಗೆಯ ನೀರು ಮಣ್ಣಿನ ಕೊಳವೆಗಳಲ್ಲಿ ಹರಿದು, ಬಿದ್ದ ರಭಸಕ್ಕೆ ಬೀಸುಕಲ್ಲನ್ನು ತಿರುಗಿಸಿ, ಯಾತ್ರಿಕರಿಗೂ ಫಕೀರರಿಗೂ ಹಿಟ್ಟನ್ನು ಕೊಡುತ್ತಿತ್ತು. ಹೀಗೆ ಬಂದ ನೀರನ್ನು ಕುಡಿಯಲು ಯಾರಿಗೂ ತಮ್ಮ ಹಿತ್ತಲಲ್ಲಿ ಬಾವಿ ಇರಬೇಕಾಗಿರಲಿಲ್ಲ. ಮೂಲ ಒಂದು ಕಡೆ, ಪ್ರಯೋಜನ ಹಲವು ಕಡೆ: ಪುರದ ಸ್ಥಾವರದಲ್ಲಿ ಕಂಡ ಮಾತೇ ಇಲ್ಲಿಯೂ ಕಾಣುತ್ತದೆ.

ವಿದ್ಯುತ್ತಿನಲ್ಲಿ ಈ ಕೆಲಸಕ್ಕೆ ಹೊಸ ಕಾಲುವೆಯೂ ಬೇಕಾಗಿಲ್ಲ. ತಂತಿ ಈಗಾಗಲೇ ಎಲ್ಲರ ಮನೆಗೂ ಹೋಗಿದೆ. ಬೇಕಾದುದು ಲೆಕ್ಕ. ಶಾಲೆಯ, ಸಮಾಜಮಂದಿರದ, ಕಾರಖಾನೆಯ, ಇಲ್ಲವೆ ಒಪ್ಪಿದ ಮಾಲಕನ ತಾರಸಿಯ ಮೇಲೆ ಫಲಕಗಳನ್ನಿಟ್ಟು, ಅಲ್ಲಿ ಹುಟ್ಟಿದ ಯೂನಿಟ್ಟುಗಳನ್ನು ಪಾಲುದಾರರ ಬಿಲ್ಲುಗಳಲ್ಲಿ ಅವರವರ ಪಾಲಿನಂತೆ ಕಳೆಯುವುದು. ಇದಕ್ಕೆ ವರ್ಚುಯಲ್ ನೆಟ್ ಮೀಟರಿಂಗ್ ಎಂದು ಹೆಸರು. ದಿಲ್ಲಿಯ ನಿಯಂತ್ರಣ ಆಯೋಗ 2019ರಲ್ಲಿಯೇ ಇದಕ್ಕೆ ಮಾರ್ಗಸೂಚಿಗಳನ್ನು ಕೊಟ್ಟಿತು. ಸೂರ್ಯಘರ್ ಯೋಜನೆಯಲ್ಲಿಯೂ ಗೃಹಸಂಘಗಳ ಸಾಮಾನ್ಯ ಉಪಯೋಗಕ್ಕೆ ಕಿಲೋವಾಟಿಗೆ 18,000 ರೂಪಾಯಿಗಳಂತೆ ಸಹಾಯಧನವುಂಟು. ಬೇರೆಯವರು ಬಂಡವಾಳ ಹೂಡಿ ಮನೆಯವರು ಬಳಸಿದಷ್ಟಕ್ಕೆ ಕೊಡುವ ಪದ್ಧತಿಗೂ ಎಡೆಯುಂಟು. ಪಾಲು ಮೀಟರನ್ನು ಅನುಸರಿಸಿದರೆ, ಬಾಡಿಗೆಯವನು ಖೋಲಿ ಬದಲಿಸಿದಾಗ ಅವನ ಪಾಲೂ ಅವನೊಡನೆ ಹೊಸ ಮೀಟರಿಗೆ ಹೋಗಬಹುದು. ಆದರೆ ಅದಕ್ಕೆ ಮೊದಲು ಅವನ ಹೆಸರಿನಲ್ಲಿ ಮೀಟರಿರಬೇಕು. ಸಬ್‌ಮೀಟರಿನ ಹಿಂದೆ ಅಡಗಿರುವ ಮನುಷ್ಯನನ್ನು ಗ್ರಾಹಕನೆಂದು ದಫ್ತರದಲ್ಲಿ ಬರೆಯುವುದೇ ಮೊದಲ ಹೆಜ್ಜೆ. ಇದರಲ್ಲಿ ಸೂರ್ಯನ ಕೆಲಸವೇನೂ ಇಲ್ಲ, ಎಲ್ಲವೂ ಗುಮಾಸ್ತನ ಕೆಲಸ.

ಇದೇ ಮಾತನ್ನು ಊರಿನ ಮಾಳಿಗೆಗೂ ಅನ್ವಯಿಸಬಹುದೆ? ಬೀದರದ ಹಳ್ಳಿಯಲ್ಲಿ ಬೀಗ ಹಾಕಿದ ಮನೆಯ ಮೇಲೆ ಹುಟ್ಟಿದ ಯೂನಿಟ್ಟು ವಾಳೂಜಿನ ಬಿಲ್ಲಿನಲ್ಲಿ ಕಳೆಯುವಂತಾದರೆ! ಇಂದಿನ ನಿಯಮಗಳಲ್ಲಿ ಅದಕ್ಕೆ ದಾರಿಯಿಲ್ಲ. ಎರಡು ರಾಜ್ಯ, ಎರಡು ಕಂಪನಿ, ಎರಡು ಆಯೋಗ. 1956ರ ಗೆರೆ ಯೂನಿಟ್ಟಿಗೂ ಗೆರೆಯೇ. ಮಣ್ಣಿನ ಮಾಳಿಗೆಗೆ ಫಲಕದ ಚೌಕಟ್ಟನ್ನು ಹೊರುವ ಬಲವೂ ಎಲ್ಲ ಕಡೆ ಇರಲಾರದು. ಆದುದರಿಂದ ಆ ಆಸೆಯನ್ನು ಸದ್ಯಕ್ಕೆ ಬದಿಗಿಟ್ಟು, ದುಡಿಯುವ ಊರಿನಲ್ಲಿಯೇ ಪಾಲನ್ನು ಕೇಳುವುದು ಯುಕ್ತ.

ಕನ್ನಡ ಸಂಘಗಳಿಗೆ ಇದರಲ್ಲಿ ಏನು ಕೆಲಸವೆಂದು ಕೆಲವರು ಕೇಳಬಹುದು. ಪರಸ್ಥಳದಲ್ಲಿ ನಾವು ನಾಡಹಬ್ಬವನ್ನು ಮಾಡುತ್ತೇವೆ, ಶಾಸನಗಳನ್ನು ಓದುತ್ತೇವೆ, ಎಲ್ಲೋರಕ್ಕೆ ಹೋಗಿ ರಾಷ್ಟ್ರಕೂಟರನ್ನು ನೆನೆಯುತ್ತೇವೆ. ಇವೆಲ್ಲ ಆಗಬೇಕಾದ ಕೆಲಸಗಳೇ. ಆದರೆ ಅದೇ ಜಿಲ್ಲೆಯ ಖೋಲಿಯೊಂದರಲ್ಲಿ ಸಬ್‌ಮೀಟರಿನ ದರ ತೆತ್ತು ಬದುಕುವ ಕನ್ನಡಿಗನ ಹೆಸರು ನಮ್ಮ ಸದಸ್ಯರ ಪಟ್ಟಿಯಲ್ಲಿಯೂ ಇಲ್ಲ, ಕಂಪನಿಯ ಗ್ರಾಹಕರ ಪಟ್ಟಿಯಲ್ಲಿಯೂ ಇಲ್ಲ. ಒಂದು ಓಣಿಯನ್ನು ಆಯ್ದು, ಎಷ್ಟು ಸಂಸಾರ, ಎಷ್ಟು ಮೀಟರು, ಯೂನಿಟ್ಟಿಗೆ ಕೊಡುವ ದರವೆಷ್ಟು, ಎಷ್ಟು ತಾರಸಿ ಬರಿದಾಗಿವೆ ಎಂಬುದನ್ನು ನಮ್ಮ ಯುವಕರು ಎರಡು ಭಾನುವಾರಗಳಲ್ಲಿ ಬರೆದು ತರಬಲ್ಲರು. ಸಂಘದ ಸ್ವಂತ ಕಟ್ಟಡವಿರುವ ಊರಿನಲ್ಲಿ ಅದರ ತಾರಸಿಯ ಮೇಲೆಯೇ ಪಾಲುಗಾರಿಕೆಯ ಮೊದಲ ಪ್ರಯೋಗಕ್ಕೆ ಅನುಮತಿ ಕೇಳಬಹುದು. ಇವೆರಡೂ ಸಂಶೋಧನೆಯೇ.

ಶಿವನಸಮುದ್ರದ ತಂತಿ ಕೋಲಾರಕ್ಕೆ ಹೋದಾಗ ದಾರಿಯ ಹಳ್ಳಿಗಳು ಯಾರನ್ನೂ ಕೇಳಲಿಲ್ಲ. ಕೇಳಬಹುದೆಂಬುದೇ ಅವುಗಳಿಗೆ ಗೊತ್ತಿರಲಿಲ್ಲ. ಅಲ್ಲಿ ದೀಪ ಹೊತ್ತಲು ಹಲವು ದಶಕಗಳೇ ಹಿಡಿದುವು. ವಾಳೂಜಿನ ಖೋಲಿಗೆ ಅಷ್ಟು ಕಾಲ ಹಿಡಿಯಬೇಕಾಗಿಲ್ಲ. ಕೇಳಬೇಕಾದುದೇನೆಂಬುದು ಈಗ ನಮಗೆ ತಿಳಿದಿದೆ. ಯಾರನ್ನು ಕೇಳಬೇಕೆಂಬುದೂ ತಿಳಿದಿದೆ.